ಏರಿಯೂ ನೀರುಗಂಟಿಯೂ
(ಮುಕ್ತ ತಂತ್ರಾಂಶದ ಆಡಳಿತವನ್ನು ಕುರಿತು ಒಂದು ವಿಚಾರ)

ತರೀಕೆರೆಯನ್ನು ಭೂಪಟದಲ್ಲಿ ಕಾಣುವುದಕ್ಕೆ ಮೊದಲೇ ಕನ್ನಡದ ಮಕ್ಕಳು ಅದರ ಹೆಸರನ್ನು ಬಲ್ಲರು. ಅಲ್ಲಿಯ ಏರಿಯ ಮೇಲೆ ಮೇಯುವ ಕರಿಯ ಕುರಿಮರಿಗಳ ಮಾತನ್ನು ನಾಲಗೆ ತೊಡರದಂತೆ ಬೇಗಬೇಗನೆ ಹೇಳುವ ಆಟವನ್ನು ಆಡದೆ ಬೆಳೆದವರು ನಮ್ಮಲ್ಲಿ ವಿರಳ. ಆದರೆ ಆ ಏರಿ ಯಾರದು, ಅದರ ಮೇಲೆ ಕುರಿಗಳನ್ನು ಬಿಡಲು ಒಪ್ಪಿಗೆಯಿತ್ತವರು ಯಾರು, ಏರಿಯ ಮಣ್ಣು ಕುಸಿದರೆ ಅದನ್ನು ಮತ್ತೆ ಕಟ್ಟಬೇಕಾದವರು ಯಾರು ಎಂದು ಆಟದ ನಡುವೆ ಕೇಳಿದವರಿಲ್ಲ. ಬಾಲ್ಯದಲ್ಲಿ ಆ ಪ್ರಶ್ನೆಗಳಿಗೆ ಎಡೆಯೂ ಇಲ್ಲ. ಗಣಕಯಂತ್ರಗಳ ಈ ಕಾಲದಲ್ಲಾದರೋ ಅವೇ ಪ್ರಶ್ನೆಗಳು ಹೊಸ ರೂಪವನ್ನು ತಾಳಿ ನಮ್ಮೆದುರು ನಿಂತಿವೆ. ಕಡೂರು, ತರೀಕೆರೆ, ಅಜ್ಜಂಪುರದ ಕಾಲೇಜುಗಳಲ್ಲಿ ಓದುತ್ತಿರುವ ತರುಣರು ಅವುಗಳಿಗೆ ಉತ್ತರವನ್ನು ಅರಸಬೇಕೆಂಬುದೂ, ಆ ಉತ್ತರದ ಅರ್ಧಭಾಗ ಅವರ ಊರಿನ ಕೆರೆಯ ದಂಡೆಯಲ್ಲಿಯೇ ಇದೆಯೆಂಬುದೂ ನಮ್ಮ ಅಭಿಪ್ರಾಯ.

ಮೊದಲು ವಿಷಯವೇನೆಂಬುದನ್ನು ತಿಳಿಯೋಣ. ಯಂತ್ರವು ಪಾಲಿಸತಕ್ಕ ಆಜ್ಞೆಗಳ ಸರಣಿಯೇ ತಂತ್ರಾಂಶ. ಮನುಷ್ಯನು ಓದಿ ತಿಳಿಯಬಲ್ಲ ರೂಪದಲ್ಲಿ ಬರೆದ ಈ ಆಜ್ಞೆಗಳಿಗೆ ಆಕರವೆಂದು ಹೆಸರು. ಅನೇಕ ಕಂಪೆನಿಗಳು ಆಕರವನ್ನು ಗುಟ್ಟಾಗಿ ಇಟ್ಟುಕೊಂಡು, ಯಂತ್ರಕ್ಕೆ ಮಾತ್ರ ತಿಳಿಯುವ ರೂಪವನ್ನು ಮಾರುತ್ತವೆ. ಹಾಗಲ್ಲದೆ ಆಕರವನ್ನು ಎಲ್ಲರ ಮುಂದೆ ತೆರೆದಿಟ್ಟು, ಓದುವ, ಬಳಸುವ, ತಿದ್ದುವ, ಹಂಚುವ ಹಕ್ಕುಗಳನ್ನು ಎಲ್ಲರಿಗೂ ಕೊಟ್ಟಿರುವ ತಂತ್ರಾಂಶಕ್ಕೆ ಮುಕ್ತ ತಂತ್ರಾಂಶ ಅಥವಾ ಓಪನ್ ಸೋರ್ಸ್ ಎನ್ನುತ್ತೇವೆ. ಇದು ಎಲ್ಲಿಯೋ ದೂರದ ವಿದ್ವಾಂಸರ ವಿನೋದವೆಂದು ತಿಳಿಯಬಾರದು. ಕಡೂರಿನ ವಿದ್ಯಾರ್ಥಿಯೊಬ್ಬನ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ, ಅದರ ತಳಹದಿಯಾಗಿರುವುದು ಲಿನಕ್ಸ್. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಮುಕ್ತ ತಂತ್ರಾಂಶವಿದು. ಆ ಫೋನಿನ ಪರದೆಯ ಮೇಲೆ ಕನ್ನಡದ ಒತ್ತಕ್ಷರಗಳನ್ನು ಹೊಂದಿಸಿ ಕೂರಿಸುವುದು ಹಾರ್ಫ್‌ಬಜ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ. ಅಂದಮೇಲೆ ನಾವೆಲ್ಲರೂ ಈ ಕೆರೆಯ ನೀರನ್ನೇ ಕುಡಿಯುತ್ತಿದ್ದೇವೆ. ಕೆರೆಯ ಹೆಸರನ್ನು ಮಾತ್ರ ಅರಿಯೆವು.

ಇನ್ನು ಈ ಮೂರು ಊರುಗಳ ನೆಲವನ್ನೊಮ್ಮೆ ನೋಡೋಣ. ಅಜ್ಜಂಪುರದಲ್ಲಿ ಅಮೃತಮಹಲ್ ದನಗಳ ತಳಿಯನ್ನು ಕಾಪಾಡುವ ಕೇಂದ್ರವುಂಟು. ಅರಸರ ಕಾಲದಲ್ಲಿ ಆ ದನಗಳಿಗೆಂದು ಮೀಸಲಾದ ಹುಲ್ಲುಗಾವಲುಗಳಿಗೆ ‘ಕಾವಲು’ ಎಂಬ ಹೆಸರು ಇಂದಿಗೂ ಉಳಿದಿದೆ. ಹೆಸರೇ ಹೇಳುವಂತೆ ಅದಕ್ಕೆ ಒಡೆಯನೂ ಉಂಟು, ಕಾಯುವವನೂ ಉಂಟು. ಗುಟ್ಟಿನ ತಂತ್ರಾಂಶವು ಈ ಬಗೆಯದು. ಎರಡನೆಯದು ಗೋಮಾಳ. ಅದು ಊರ ದನಗಳೆಲ್ಲಕ್ಕೂ ತೆರೆದದ್ದು; ಆದರೆ ಹೇಳುವವರು ಕೇಳುವವರು ಇಲ್ಲದೆಡೆಯಲ್ಲಿ ಅದು ವರ್ಷಕ್ಕಿಷ್ಟರಂತೆ ಒತ್ತುವರಿಯಾಗಿ ಕರಗುವುದನ್ನು ನಾವೆಲ್ಲ ಕಂಡಿದ್ದೇವೆ. ಮೂರನೆಯದು ಕೆರೆ. ಅದು ಹಲವರಿಗೆ ಸೇರಿದ್ದು. ಆದರೂ ಅದಕ್ಕೆ ಏರಿಯುಂಟು, ತೂಬುಂಟು, ಕೋಡಿಯುಂಟು, ಅಚ್ಚುಕಟ್ಟುಂಟು, ನೀರಿಗೆ ಸರದಿಯುಂಟು.

ಮುಕ್ತ ತಂತ್ರಾಂಶವನ್ನು ಹೊಸದಾಗಿ ಕಂಡವರು ಅದನ್ನು ಗೋಮಾಳವೆಂದು ಭಾವಿಸುವುದು ಸಹಜ. ‘ತೆರೆದಿದೆ’ ಎಂದಮೇಲೆ ಯಾರು ಏನು ಬೇಕಾದರೂ ಮಾಡಬಹುದಲ್ಲವೆ ಎಂಬುದು ಅವರ ತರ್ಕ. ಅಲ್ಲ, ಅದು ಕೆರೆ. ಈ ಭೇದವನ್ನು ಅರಿತವನು ಅರ್ಧ ವಿಷಯವನ್ನು ಅರಿತಂತೆಯೇ ಸರಿ.

ಹಲವರಿಗೆ ಸೇರಿದ ವಸ್ತು ಹಾಳಾಗದೆ ಉಳಿದೀತೆ ಎಂಬ ಸಂದೇಹ ವಿದ್ವಾಂಸರನ್ನೂ ಬಿಟ್ಟದ್ದಲ್ಲ. ಎಲ್ಲರಿಗೂ ತೆರೆದ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬನೂ ಇನ್ನೊಂದು ದನವನ್ನು ಬಿಡಲು ಆಶಿಸುವುದರಿಂದ ಹುಲ್ಲುಗಾವಲೇ ನಾಶವಾಗುವುದೆಂದು ಗ್ಯಾರೆಟ್ ಹಾರ್ಡಿನ್ ೧೯೬೮ರಲ್ಲಿ ವಾದಿಸಿದನು. ಇದಕ್ಕೆ ತಕ್ಕ ಉತ್ತರವನ್ನು ಕೊಟ್ಟವರು ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ. ನೀರಾವರಿ ಕಾಲುವೆ, ಕಾಡು, ಮೀನುಗಾರಿಕೆ ಮೊದಲಾದವುಗಳನ್ನು ಜನರೇ ಕೂಡಿ ತಲೆಮಾರುಗಳ ಕಾಲ ಕಾಪಾಡಿಕೊಂಡ ನಿದರ್ಶನಗಳನ್ನು ಹಲವು ದೇಶಗಳಿಂದ ಅವರು ಕಲೆಹಾಕಿ, ೧೯೯೦ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ೨೦೦೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಮೊದಲ ಮಹಿಳೆಯಾದರು. ಹಾಳಾಗುವುದು ಹಲವರಿಗೆ ಸೇರಿದ ವಸ್ತುವಲ್ಲ, ಕಟ್ಟುಪಾಡಿಲ್ಲದ ವಸ್ತು ಎಂಬುದು ಅವರ ಶೋಧನೆಯ ತಿರುಳು. ಸದಸ್ಯರು ಯಾರೆಂಬುದು ಸ್ಪಷ್ಟವಿರಬೇಕು. ನಿಯಮಗಳು ಸ್ಥಳಕ್ಕೆ ಒಗ್ಗಬೇಕು. ನಿಯಮಕ್ಕೆ ಒಳಗಾಗುವವರಿಗೆ ಅದನ್ನು ಮಾಡುವುದರಲ್ಲಿಯೂ ಪಾಲಿರಬೇಕು. ತಪ್ಪಿದವನಿಗೆ ಮೊದಲು ಸಣ್ಣ ಶಿಕ್ಷೆ, ಮತ್ತೆ ಮತ್ತೆ ತಪ್ಪಿದರೆ ದೊಡ್ಡ ಶಿಕ್ಷೆ ಇರಬೇಕು. ಜಗಳಗಳನ್ನು ಸುಲಭವಾಗಿ ಬಗೆಹರಿಸುವ ಕಟ್ಟೆಯೊಂದು ಇರಬೇಕು. ನೀರಿನ ವಿಷಯವಾಗಿ ಹೊರಟ ಈ ಸೂತ್ರಗಳು ತಂತ್ರಾಂಶದ ಬಳಗಗಳಿಗೂ ಆಶ್ಚರ್ಯಕರವಾಗಿ ಹೊಂದುತ್ತವೆ.

ಹೊಸಬರು ಎರಡು ಸಂಗತಿಗಳನ್ನು ಒಂದೇ ಎಂದು ಎಣಿಸಿ ತಬ್ಬಿಬ್ಬಾಗುತ್ತಾರೆ. ಒಂದು ಪರವಾನಗಿ, ಇನ್ನೊಂದು ಆಡಳಿತ. ಪರವಾನಗಿಯು ಶಾಸನದಂತೆ. ಚಿಕ್ಕಮಗಳೂರು ಜಿಲ್ಲೆಗೆ ಹಿಂದೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ರೈಸ್ ಅವರು ೧೯೦೧ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟ ಆ ಜಿಲ್ಲೆಯ ಶಾಸನಗಳಿಗೇ ಮೀಸಲಾದದ್ದು. ಹಳೆಯ ದಾನಶಾಸನಗಳನ್ನು ಓದಿದವರಿಗೆ ಅವುಗಳ ರೀತಿ ತಿಳಿದೇ ಇದೆ. ಯಾರಿಗೆ ಯಾವ ಹಕ್ಕು ಸಲ್ಲತಕ್ಕದ್ದೆಂದು ಕಲ್ಲಿನಲ್ಲಿ ಕೊರೆದು, ಸೂರ್ಯಚಂದ್ರರಿರುವವರೆಗೆ ಅದು ನಡೆಯಲೆಂದು ಹೇಳಿ, ಅಳುಪಿದವನಿಗೆ ಶಾಪವನ್ನೂ ಹಾಕಿರುತ್ತಾರೆ. ೧೯೮೯ರಲ್ಲಿ ರಿಚರ್ಡ್ ಸ್ಟಾಲ್ಮನ್ ಅವರು ರಚಿಸಿದ ಜಿ.ಪಿ.ಎಲ್. ಎಂಬ ಪರವಾನಗಿಯೂ ಇಂಥದೇ: ಪಡೆದವನು ತಿದ್ದಿ ಹಂಚುವುದಾದರೆ ತಾನು ಪಡೆದ ಹಕ್ಕುಗಳನ್ನೇ ಮುಂದಿನವನಿಗೂ ಕೊಡತಕ್ಕದ್ದು, ತಪ್ಪಿದರೆ ಶಾಪದ ಬದಲು ಕೃತಿಸ್ವಾಮ್ಯದ ಕಾನೂನು ಕಾದಿರುತ್ತದೆ.

ಶಾಸನವು ಹಕ್ಕನ್ನು ಹೇಳುವುದೇ ಹೊರತು ಈ ದಿನ ತೂಬನ್ನು ಎಷ್ಟು ಎತ್ತಬೇಕೆಂಬುದನ್ನು ಹೇಳಲಾರದು. ಅದನ್ನು ನಡೆಸುತ್ತಿದ್ದವನು ನೀರುಗಂಟಿ. ಮೇಲಿನ ಗದ್ದೆಗೂ ಕೊನೆಯ ಗದ್ದೆಗೂ ಸರದಿಯಂತೆ ನೀರು ಹಾಯಿಸುವ ಹೊಣೆ ಅವನದು. ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ತಂತ್ರಾಂಶದಲ್ಲಿ ಈ ಸ್ಥಾನ ಪಾಲಕನದು. ಯಾರು ಬೇಕಾದರೂ ತಮ್ಮ ಮನೆಯಲ್ಲಿ ಪ್ರತಿಯನ್ನು ತಿದ್ದಿಕೊಳ್ಳಬಹುದು. ಆದರೆ ಎಲ್ಲರೂ ಬಳಸುವ ಮೂಲಪ್ರತಿಗೆ ಯಾವ ತಿದ್ದುಪಡಿ ಸೇರಬೇಕೆಂಬುದನ್ನು ಪರಿಶೀಲಿಸಿ ಒಪ್ಪುವವನು, ಇಲ್ಲವೆ ಕಾರಣವಿತ್ತು ತಿರಸ್ಕರಿಸುವವನು ಪಾಲಕನೇ. ಪಾಲಕನನ್ನು ನೇಮಿಸುವವರು ಯಾರು, ಅವನ ಮೇಲೆ ಹಿಡಿತವೇನು, ಅವನು ತಪ್ಪಿದರೆ ಗತಿಯೇನು ಎಂಬ ಪ್ರಶ್ನೆಗಳ ಉತ್ತರಕ್ಕೇ ಆಡಳಿತವೆಂದು ಹೆಸರು.

ಈ ಉತ್ತರ ಒಂದೊಂದು ಬಳಗದಲ್ಲಿ ಒಂದೊಂದು ಬಗೆ. ಲಿನಕ್ಸ್‌ನಲ್ಲಿ ಕೊನೆಯ ಮಾತು ಟೋರ್ವಾಲ್ಡ್ಸ್ ಅವರದು. ಅವರ ಕೆಳಗೆ ಒಂದೊಂದು ಭಾಗಕ್ಕೂ ಪಾಲಕರಿದ್ದು, ತಿದ್ದುಪಡಿಗಳು ಅವರ ಕೈಗಳನ್ನು ದಾಟಿ ಮೇಲೇರಬೇಕು. ಹಾಗೆಂದು ನಾಯಕನು ಪ್ರಶ್ನಾತೀತನಲ್ಲ. ತಮ್ಮ ಕಟುವಾದ ಮಾತುಗಳಿಗಾಗಿ ೨೦೧೮ರ ಸೆಪ್ಟೆಂಬರಿನಲ್ಲಿ ಟೋರ್ವಾಲ್ಡ್ಸ್ ಅವರು ಬಹಿರಂಗವಾಗಿ ಕ್ಷಮೆ ಕೇಳಿ, ಕೆಲಕಾಲ ಕೆಲಸದಿಂದ ದೂರ ನಿಂತರು. ಅದೇ ಸಮಯದಲ್ಲಿ ಆ ಬಳಗವು ಹೊಸ ನಡವಳಿಕೆಯ ಸಂಹಿತೆಯೊಂದನ್ನು ಒಪ್ಪಿಕೊಂಡಿತು. ಕಾಲೇಜುಗಳಲ್ಲಿ ಇಂದು ಕಲಿಸುವ ಪೈಥಾನ್ ಭಾಷೆಯ ಕಥೆ ಇನ್ನೂ ಸ್ವಾರಸ್ಯಕರ. ಅದರ ಜನಕ ಗೀಡೊ ವಾನ್ ರಾಸಮ್ ಅವರನ್ನು ‘ಆಜೀವ ಸರ್ವಾಧಿಕಾರಿ’ ಎಂದು ಅರ್ಧ ಪರಿಹಾಸ್ಯದಿಂದ ಕರೆಯುತ್ತಿದ್ದರು. ಒಂದು ಸಣ್ಣ ಬದಲಾವಣೆಯ ಬಗ್ಗೆ ಎದ್ದ ದೊಡ್ಡ ವಾದದಿಂದ ಬೇಸತ್ತ ಅವರು ೨೦೧೮ರ ಜುಲೈಯಲ್ಲಿ ಆ ಪದವಿಯನ್ನು ತ್ಯಜಿಸಿದರು, ಉತ್ತರಾಧಿಕಾರಿಯನ್ನೂ ಹೆಸರಿಸಲಿಲ್ಲ. ಬಳಗದವರು ತಿಂಗಳುಗಟ್ಟಲೆ ಚರ್ಚಿಸಿ, ಮತ ಹಾಕಿ, ೨೦೧೯ರಲ್ಲಿ ಐವರ ಸಮಿತಿಯನ್ನು ಆರಿಸಿಕೊಂಡರು. ಆ ಐವರಲ್ಲಿ ಒಂದೇ ಕಂಪೆನಿಯ ನೌಕರರು ಇಬ್ಬರಿಗಿಂತ ಹೆಚ್ಚಿರಕೂಡದೆಂಬ ನಿಯಮವನ್ನೂ ಮಾಡಿದರು. ಒಂದೇ ಮನೆತನದವರು ಊರ ಪಂಚಾಯಿತಿಯನ್ನೆಲ್ಲ ಆಕ್ರಮಿಸುವುದನ್ನು ಕಂಡ ನಮಗೆ ಈ ನಿಯಮದ ಬೆಲೆ ಬೇಗನೆ ತಿಳಿಯುತ್ತದೆ.

ಡೆಬಿಯನ್ ಎಂಬ ಬಳಗವು ೧೯೯೮ರಲ್ಲಿ ತನಗೊಂದು ಸಂವಿಧಾನವನ್ನೇ ಬರೆದುಕೊಂಡಿತು. ಅದರ ನಾಯಕನು ವರ್ಷಕ್ಕೊಮ್ಮೆ ಚುನಾಯಿತನಾಗುತ್ತಾನೆ. ಸದಸ್ಯರು ಸೇರಿ ಅವನ ನಿರ್ಣಯವನ್ನು ಮೀರಬಲ್ಲರು. ಆ ಸಂವಿಧಾನದಲ್ಲಿ ನಾವು ಬಹುವಾಗಿ ಮೆಚ್ಚಿದ ಮಾತೊಂದಿದೆ. ಯಾರನ್ನೂ ಇಂಥ ಕೆಲಸವನ್ನು ಮಾಡಲೇಬೇಕೆಂದು ಕಟ್ಟುಪಡಿಸುವಂತಿಲ್ಲ. ಆದರೆ ಬಳಗದ ನಿರ್ಣಯಕ್ಕೆ ವಿರುದ್ಧವಾಗಿ ಯಾರೂ ಕೆಲಸ ಮಾಡಕೂಡದು ಎಂಬುದು ಅದರ ತಾತ್ಪರ್ಯ. ಸ್ವಯಂಸೇವೆಯ ಸ್ವಾತಂತ್ರ್ಯವನ್ನೂ ಕಟ್ಟುಪಾಡಿನ ಗೌರವವನ್ನೂ ಇಷ್ಟು ಸರಳವಾಗಿ ಹೊಂದಿಸಿದ ಮಾತು ಅಪರೂಪ. ಅಪಾಚೆ ಪ್ರತಿಷ್ಠಾನದ ಬಳಗಗಳಲ್ಲಿ ಸಣ್ಣ ವಿಷಯಗಳಿಗೆ ಮತ ಹಾಕುವುದೂ ಇಲ್ಲ. ಸೂಚನೆಯನ್ನು ಎಲ್ಲರೆದುರು ಇಟ್ಟು ಮೂರು ದಿನ ಕಾಯುವುದು ವಾಡಿಕೆ. ಯಾರೂ ಎದುರಾಡದಿದ್ದರೆ ಮೌನವೇ ಸಮ್ಮತಿ. ತಿದ್ದುಪಡಿಯೊಂದನ್ನು ತಡೆಯುವವನು ಮಾತ್ರ ತಕ್ಕ ತಾಂತ್ರಿಕ ಕಾರಣವನ್ನು ಕೊಡಲೇಬೇಕು. ನಮ್ಮ ಕನ್ನಡ ವಿಕಿಪೀಡಿಯವೂ ಇದೇ ಕುಲಕ್ಕೆ ಸೇರಿದ್ದು. ೨೦೦೩ರಲ್ಲಿ ಆರಂಭವಾದ ಅದರಲ್ಲಿ ಪ್ರತಿ ಲೇಖನಕ್ಕೂ ಚರ್ಚೆಯ ಪುಟವುಂಟು. ಯಾರು ಯಾವಾಗ ಏನು ತಿದ್ದಿದರೆಂಬ ಇತಿಹಾಸ ಅಳಿಯದೆ ಉಳಿಯುತ್ತದೆ. ಎಲ್ಲರೂ ಸೇರಿ ಮಾತಾಡುವ ಸ್ಥಳಕ್ಕೆ ಅದನ್ನು ಕಟ್ಟಿದವರು ಇಟ್ಟ ಹೆಸರು ‘ಅರಳಿ ಕಟ್ಟೆ’. ಈ ಹೆಸರನ್ನು ಆರಿಸಿದವರಿಗೆ ವಿಷಯದ ಮರ್ಮ ತಿಳಿದಿತ್ತು.

ಮಾತು ಮುರಿದುಬಿದ್ದರೆ ಏನು? ಆಗ ಹಿಸ್ಸೆಯಾಗುತ್ತದೆ. ಆದರೆ ಇಲ್ಲಿಯ ಹಿಸ್ಸೆ ಹೊಲಮನೆಗಳ ಹಿಸ್ಸೆಯಂತಲ್ಲ. ಅಣ್ಣತಮ್ಮಂದಿರು ನಾಲ್ಕೆಕರೆಯನ್ನು ಹಂಚಿಕೊಂಡರೆ ಒಬ್ಬೊಬ್ಬನಿಗೆ ಎರಡೆಕರೆ. ತಂತ್ರಾಂಶವನ್ನು ಹಂಚಿಕೊಂಡರೆ ಇಬ್ಬರಿಗೂ ನಾಲ್ಕು ನಾಲ್ಕೆಕರೆ! ೨೦೧೦ರಲ್ಲಿ ಓಪನ್ ಆಫೀಸ್ ಒರಾಕಲ್ ಕಂಪೆನಿಯ ವಶಕ್ಕೆ ಬಂದಾಗ, ಅದರ ಭವಿಷ್ಯದ ಬಗ್ಗೆ ಶಂಕಿಸಿದ ಅನೇಕರು ಪೂರ್ಣ ಪ್ರತಿಯೊಂದನ್ನು ತೆಗೆದುಕೊಂಡು ಹೊರಬಂದು ಲಿಬ್ರೆ ಆಫೀಸ್ ಅನ್ನು ಕಟ್ಟಿದರು. ಇಂದು ಕನ್ನಡದಲ್ಲಿಯೂ ದೊರೆಯುವ ಆ ತಂತ್ರಾಂಶವೇ ಹೆಚ್ಚು ಬೆಳೆದಿದೆ. ಹೀಗೆ ಹೊರನಡೆಯುವ ಹಕ್ಕು ಇರುವುದರಿಂದಲೇ ಪಾಲಕನು ಒಳಗಿರುವವರ ಮಾತಿಗೆ ಕಿವಿಗೊಡುತ್ತಾನೆ.

ಇಲ್ಲಿ ನಮ್ಮ ಹೋಲಿಕೆಯು ಒಂದು ಕಡೆ ಮುರಿಯುತ್ತದೆಂಬುದನ್ನು ಬುದ್ಧಿವಂತರಾದ ವಾಚಕರು ಆಗಲೇ ಗಮನಿಸಿರಬೇಕು. ಕೆರೆಯ ನೀರು ಬಳಸಿದಷ್ಟೂ ಬರಿದಾಗುತ್ತದೆ, ತಂತ್ರಾಂಶ ಬರಿದಾಗುವುದಿಲ್ಲ. ಕೋಟಿ ಜನ ನಕಲು ಮಾಡಿಕೊಂಡರೂ ಮೂಲದಲ್ಲಿ ಒಂದಕ್ಷರ ಕಡಿಮೆಯಾಗದು. ಹಾಗಾದರೆ ಕಟ್ಟುಪಾಡು ಏಕೆ ಬೇಕು? ಬತ್ತುವ ವಸ್ತು ಬೇರೆಯಿದೆ. ಅದು ನೀರುಗಂಟಿಯ ಹೊತ್ತು, ಅವನ ಸಹನೆ, ಅವನ ಆರೋಗ್ಯ. ಬಳಸುವವರು ಹೆಚ್ಚಿದಂತೆ ದೂರುಗಳೂ ಬೇಡಿಕೆಗಳೂ ಹೆಚ್ಚುತ್ತವೆ; ಉತ್ತರಿಸುವವನು ಒಬ್ಬನೇ ಉಳಿಯುತ್ತಾನೆ.

ಇದು ಬರಿಯ ಕಲ್ಪನೆಯಲ್ಲ. ಕಡತಗಳನ್ನು ಒತ್ತಿ ಚಿಕ್ಕದಾಗಿಸುವ ‘ಎಕ್ಸ್‌ಜೆಡ್’ ಎಂಬ ಪುಟ್ಟ ತಂತ್ರಾಂಶವೊಂದುಂಟು. ಜಗತ್ತಿನ ಅಸಂಖ್ಯ ಗಣಕಯಂತ್ರಗಳಲ್ಲಿ ಅದು ಇದ್ದರೂ, ಬಹುಕಾಲ ಅದನ್ನು ಮುಖ್ಯವಾಗಿ ನೋಡಿಕೊಂಡವನು ಸಂಬಳವಿಲ್ಲದ ಒಬ್ಬ ಸ್ವಯಂಸೇವಕ. ೨೦೨೨ರಲ್ಲಿ ಕೆಲವರು ಕೆಲಸ ನಿಧಾನವಾಯಿತೆಂದು ಅವನನ್ನು ಪದೇ ಪದೇ ಪೀಡಿಸತೊಡಗಿದರು. ತನ್ನ ಮನಸ್ಸಿನ ಆರೋಗ್ಯ ಚೆನ್ನಾಗಿಲ್ಲವೆಂದು ಆತನು ಹೇಳಿಕೊಂಡನು. ಅದಾಗಲೇ ಸಹಾಯಕ್ಕೆಂದು ಬಂದು ವಿಶ್ವಾಸ ಗಳಿಸುತ್ತಿದ್ದ ಒಬ್ಬನಿಗೆ ಕ್ರಮೇಣ ಸಹಪಾಲಕನ ಅಧಿಕಾರ ದೊರೆಯಿತು. ‘ಜಿಯಾ ತಾನ್’ ಎಂಬ ಹೆಸರಿನ ಹಿಂದೆ ಅಡಗಿದ್ದ ಆ ವ್ಯಕ್ತಿ ೨೦೨೪ರ ಫೆಬ್ರುವರಿಯಲ್ಲಿ ತಂತ್ರಾಂಶದೊಳಗೆ ಕಳ್ಳದಾರಿಯೊಂದನ್ನು ತೋಡಿಟ್ಟನು. ಅದು ಎಲ್ಲೆಡೆ ಹರಡಿದ್ದರೆ ಪರರ ಗಣಕಯಂತ್ರಗಳ ಒಳಹೊಕ್ಕು ಆಜ್ಞೆ ನಡೆಸುವುದು ಅವನಿಗೆ ಸಾಧ್ಯವಾಗುತ್ತಿತ್ತು. ಆಂಡ್ರೆಸ್ ಫ್ರೌಂಡ್ ಎಂಬ ತಂತ್ರಜ್ಞನು ತನ್ನ ಯಂತ್ರದಲ್ಲಿ ಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಕಂಡು, ಕಾರಣವನ್ನು ಬೆನ್ನಟ್ಟಿ, ಮಾರ್ಚ್ ೨೯ರಂದು ಗುಟ್ಟನ್ನು ಹೊರಗೆಡಹಿದನು.

ಈ ಪ್ರಸಂಗದಿಂದ ಎರಡು ಪಾಠಗಳನ್ನು ಕಲಿಯಬಹುದು. ಆಕರವು ತೆರೆದಿದ್ದುದರಿಂದಲೇ ಹೊರಗಿನವನೊಬ್ಬನು ಅನುಮಾನದ ಜಾಡನ್ನು ಹಿಡಿದು ಮೂಲದವರೆಗೆ ಹೋಗುವುದು ಸಾಧ್ಯವಾಯಿತು, ಇದು ಮೊದಲನೆಯದು. ತೆರೆದಿದ್ದ ಮಾತ್ರಕ್ಕೆ ಯಾರೋ ನೋಡುತ್ತಿದ್ದಾರೆಂದು ನಂಬುವುದು ಮೌಢ್ಯ, ಇದು ಎರಡನೆಯದು. ಊರಿನವರೆಲ್ಲ ನೀರು ಹಾಯಿಸಿಕೊಂಡು ಏರಿಯನ್ನು ಒಬ್ಬ ಮುದುಕನಿಗೆ ಬಿಟ್ಟರೆ, ಬಿಲ ಕೊರೆಯುವ ಹೆಗ್ಗಣ ಬಂದೇ ಬರುತ್ತದೆ. ಮಳೆಗಾಲದ ಮಧ್ಯರಾತ್ರಿಯಲ್ಲಿ ಏರಿ ಒಡೆದಮೇಲೆ ಮುದುಕನನ್ನು ಬಯ್ದು ಫಲವೇನು?

ಹಳೆಯ ಕೆರೆಯ ವ್ಯವಸ್ಥೆಯನ್ನು ನಾವು ಹೊಗಳಿದೆವೆಂದು ಅದರ ದೋಷಗಳನ್ನು ಮುಚ್ಚಲಾಗದು. ಅಚ್ಚುಕಟ್ಟಿನಲ್ಲಿ ಗದ್ದೆಯಿಲ್ಲದವನಿಗೆ ಕಟ್ಟೆಯ ಮೇಲೆ ಮಾತಿರಲಿಲ್ಲ. ಹೂಳೆತ್ತುವ ಕೈಗಳೂ ತೀರ್ಮಾನಿಸುವ ಬಾಯಿಗಳೂ ಬಹುಮಟ್ಟಿಗೆ ಬೇರೆ ಬೇರೆಯಾಗಿದ್ದವು. ಜಾತಿಯ ಮೇಲುಕೀಳು ನೀರಿನ ಸರದಿಯಲ್ಲಿಯೂ ಇಣುಕುತ್ತಿತ್ತು. ಮುಕ್ತ ತಂತ್ರಾಂಶದ ಬಳಗಗಳಲ್ಲಿಯೂ ಇಂಥ ಅಸಮತೆ ಇಲ್ಲದಿಲ್ಲ. ಅಲ್ಲಿ ಬಿಡುವಿನ ಹೊತ್ತೂ ನಿರರ್ಗಳವಾದ ಇಂಗ್ಲಿಷೂ ಇದ್ದವನ ಮಾತು ನಡೆಯುತ್ತದೆ. ಸಂಬಳ ಕೊಟ್ಟು ಕೆಲಸಗಾರರನ್ನು ಕಳುಹಿಸಬಲ್ಲ ದೊಡ್ಡ ಕಂಪೆನಿಗಳ ತೂಕ ಹೆಚ್ಚಾಗುತ್ತದೆ. ‘ಬಾಗಿಲು ತೆರೆದೇ ಇದೆ, ಬರಬಹುದಲ್ಲ’ ಎಂದರೆ ಸಾಲದು. ಹೊಸ್ತಿಲು ಎಷ್ಟು ಎತ್ತರವಿದೆಯೆಂಬುದನ್ನೂ ನೋಡಬೇಕು. ನಿಯಮಗಳನ್ನು ಬರೆದಿಡುವುದು, ಹೊಸಬರಿಗೆ ಮರ್ಯಾದೆಯಿಂದ ಉತ್ತರಿಸುವುದು, ಅಧಿಕಾರಕ್ಕೆ ಅವಧಿಯನ್ನು ಗೊತ್ತುಮಾಡುವುದು ಇವೆಲ್ಲ ಆ ಹೊಸ್ತಿಲನ್ನು ತಗ್ಗಿಸುವ ಉಪಾಯಗಳು.

ಇದರಿಂದ ಕನ್ನಡಿಗರಿಗೆ ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ಗಣಕಯಂತ್ರದಲ್ಲಿ ಕನ್ನಡದ ಸ್ಥಾನಮಾನದ ಬಹುಭಾಗ ಇಂದು ಇಂಥ ಕಟ್ಟೆಗಳಲ್ಲಿಯೇ ತೀರ್ಮಾನವಾಗುತ್ತಿದೆ. ಒಂದು ಸಣ್ಣ ನಿದರ್ಶನವನ್ನು ನೋಡಿ: ‘ರ’ಕಾರದ ಕೆಳಗೆ ‘ಯ’ ಒತ್ತು ಬರಬೇಕಾದ ಕಡೆ ಯಂತ್ರವು ತನ್ನಷ್ಟಕ್ಕೆ ಅರ್ಕಾವತ್ತನ್ನು ಹಾಕಿಬಿಡುತ್ತದೆ, ಅದನ್ನು ತಪ್ಪಿಸಲು ಕಣ್ಣಿಗೆ ಕಾಣದ ಸಂಕೇತವೊಂದನ್ನು ನಡುವೆ ಸೇರಿಸಬೇಕು. ಇಂಥ ಸೂಕ್ಷ್ಮವನ್ನು ಕನ್ನಡ ಓದಬಲ್ಲವನಲ್ಲದೆ ಮತ್ತಾರು ಗುರುತಿಸಿ ತಿಳಿಸಬೇಕು? ಹಾರ್ಫ್‌ಬಜ್ ಪಾಲಕರಿಗೆ ಕನ್ನಡದ ಮೇಲೆ ದ್ವೇಷವಿಲ್ಲ. ಹೇಳುವವರಿಲ್ಲದಿದ್ದರೆ ತಿಳಿಯುವುದಿಲ್ಲ, ಅಷ್ಟೆ. ತುಳು ಭಾಷಿಕರು ವರ್ಷಗಳ ಕಾಲ ಪರೀಕ್ಷಾರ್ಥ ಪುಟಗಳಲ್ಲಿ ಬರೆಯುತ್ತ ಹಟ ಬಿಡದೆ ದುಡಿದುದರಿಂದಲೇ ೨೦೧೬ರಲ್ಲಿ ತುಳು ವಿಕಿಪೀಡಿಯ ಸ್ವತಂತ್ರವಾಗಿ ತಲೆಯೆತ್ತಿತು. ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡದ ತಂತ್ರಾಂಶಕ್ಕಾಗಿ ಎಷ್ಟು ಕಳವಳಪಟ್ಟರೆಂಬುದನ್ನು ಬಲ್ಲವರು ಬಲ್ಲರು. ಕಾಫಿ ತೋಟದ ನಡುವೆ ಕುಳಿತ ಸಾಹಿತಿಯೊಬ್ಬರಿಗೆ ಇದು ತಮ್ಮ ಕೆಲಸವೆಂದು ತೋರಿದ್ದರೆ, ತರೀಕೆರೆಯ ವಿಜ್ಞಾನದ ವಿದ್ಯಾರ್ಥಿಗೆ ತೋರದಿರಲು ಕಾರಣವಿಲ್ಲ.

ಆರಂಭಿಸುವ ಬಗೆ ಕಷ್ಟವಲ್ಲ. ಊರಿಗೆ ಹೊಸದಾಗಿ ಬಂದವನ ನಡತೆಯೇ ಇಲ್ಲಿಯೂ ಸಾಕು. ಮೊದಲು ಕಟ್ಟೆಯ ಬದಿಯಲ್ಲಿ ನಿಂತು ಕೇಳಬೇಕು. ಬಳಗದವರು ಬರೆದಿಟ್ಟ ನಿಯಮಗಳನ್ನು ಓದಬೇಕು. ದೋಷ ಕಂಡರೆ ‘ಕೆಟ್ಟಿದೆ’ ಎಂದಷ್ಟೇ ಬರೆಯದೆ, ಯಾವ ಯಂತ್ರದಲ್ಲಿ, ಏನು ಮಾಡಿದಾಗ, ಏನಾಗಬೇಕಿದ್ದು ಏನಾಯಿತೆಂದು ಪ್ರಯೋಗಶಾಲೆಯ ವರದಿಯಂತೆ ಬರೆಯಬೇಕು. ಆಮೇಲೆ ಒಂದು ಕಾಗುಣಿತದ ತಪ್ಪು, ಒಂದು ವಾಕ್ಯದ ಅನುವಾದ, ಒಂದು ಸಣ್ಣ ತಿದ್ದುಪಡಿ. ತಿರಸ್ಕೃತವಾದರೆ ಅವಮಾನವೆಂದು ಬಗೆಯದೆ ಕಾರಣವನ್ನು ಓದಬೇಕು. ಕಾರಣ ಸರಿಯಲ್ಲವೆನಿಸಿದರೆ ವಿನಯದಿಂದ, ಆದರೆ ಅಂಜದೆ, ವಾದಿಸಬೇಕು. ಇಂದು ತಿದ್ದಿದವನೇ ನಾಳೆ ಇತರರ ತಿದ್ದುಪಡಿಯನ್ನು ಪರೀಕ್ಷಿಸುವವನು, ನಾಡಿದ್ದು ಪಾಲಕ. ಜಾತಿ, ಪದವಿ, ಶಿಫಾರಸುಗಳಿಗಿಂತ ಮಾಡಿದ ಕೆಲಸದ ದಾಖಲೆಯೇ ಇಲ್ಲಿ ದೊಡ್ಡ ಅರ್ಹತೆ.

ಕಾಲೇಜುಗಳಿಗೂ ನಮ್ಮದೊಂದು ಬಿನ್ನಹವಿದೆ. ಹೊರಗಿನಿಂದ ಕೊಂಡು ತಂದ ಯೋಜನಾವರದಿಗಳನ್ನು ರಟ್ಟು ಕಟ್ಟಿ ಒಪ್ಪಿಸುವ ಪದ್ಧತಿಯನ್ನು ಬಿಟ್ಟು, ಯಾವುದಾದರೊಂದು ಮುಕ್ತ ತಂತ್ರಾಂಶಕ್ಕೆ ವಿದ್ಯಾರ್ಥಿಯು ಸಲ್ಲಿಸಿ ಅಲ್ಲಿಯ ಪಾಲಕರು ಒಪ್ಪಿದ ಒಂದು ತಿದ್ದುಪಡಿಗೆ ಅಂಕಗಳನ್ನು ಕೊಡಲಿ. ಆ ಒಂದು ತಿದ್ದುಪಡಿಯಲ್ಲಿ ವಿದ್ಯಾರ್ಥಿಯು ಗಣಿತವನ್ನೂ ತರ್ಕವನ್ನೂ ಮಾತ್ರವಲ್ಲ, ತಾನು ಕಾಣದವರೊಡನೆ ಕೂಡಿ ಬಾಳುವ ವಿದ್ಯೆಯನ್ನೂ ಕಲಿಯುತ್ತಾನೆ. ಪ್ರಜಾಪ್ರಭುತ್ವದ ಪಾಠವನ್ನು ಪೌರನೀತಿಯ ಪುಸ್ತಕದಲ್ಲಿ ಓದುವುದಕ್ಕಿಂತ, ತನ್ನ ಸೂಚನೆಯೊಂದನ್ನು ಹತ್ತು ಜನರ ಆಕ್ಷೇಪಗಳ ನಡುವೆ ನಡೆಸಿಕೊಂಡು ಹೋಗಿ ದಡ ಸೇರಿಸುವುದು ಮೇಲು.

ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಬಳಿ ಅಯ್ಯನಕೆರೆಯನ್ನು ನೋಡಿದವರು ಬೆಟ್ಟಗಳ ಬುಡದಲ್ಲಿ ಹರಡಿದ ಆ ನೀರಿನ ಚೆಲುವನ್ನು ಮರೆಯಲಾರರು. ಅಷ್ಟು ನೀರನ್ನು ಹಿಡಿದು ನಿಲ್ಲಿಸಿರುವುದು ಕಲ್ಲುಮಣ್ಣಿನ ಏರಿ. ಆ ಏರಿಯನ್ನು ಶತಮಾನಗಳ ಕಾಲ ಹಿಡಿದು ನಿಲ್ಲಿಸಿರುವುದು ಬಿರುಕು ಕಂಡಾಗ ಬುಟ್ಟಿ ಮಣ್ಣು ಹೊತ್ತು ಹಾಕಿದ ಹೆಸರಿಲ್ಲದ ಜನರ ಕೈ. ಮುಕ್ತ ತಂತ್ರಾಂಶದ ಕೆರೆಯೂ ಹಾಗೆಯೇ ನಿಂತಿದೆ. ಅದರ ನೀರನ್ನು ನಾವು ದಿನವೂ ಬಳಸುತ್ತಿದ್ದೇವೆ. ಮುಂದಿನ ಸಲ ಫೋನಿನಲ್ಲಿ ಒಂದು ಕನ್ನಡ ಅಕ್ಷರ ತಪ್ಪಾಗಿ ಮೂಡಿದುದನ್ನು ಕಂಡ ಅಜ್ಜಂಪುರದ ಹುಡುಗಿಯೊಬ್ಬಳು ಬೇಸರದಿಂದ ಅದನ್ನು ಕೆಳಗಿಡದೆ, ಆ ತಪ್ಪನ್ನು ಬರೆದು ಕಳುಹಿಸಿದಳಾದರೆ, ಏರಿಗೆ ಒಂದು ಬುಟ್ಟಿ ಮಣ್ಣು ಬಿದ್ದಂತಾಯಿತು.